ಮನೆಯ ಶಿಸ್ತು, ಹಾಸ್ಟೆಲ್‌ನ ಜಗಳ: ನಮ್ಮ ಹುಡುಗರ ಸಿಟ್ಟು ಎಲ್ಲಿಂದ ಬರುತ್ತದೆ?

ತುಂಗಾತೀರ, ಶಿವಮೊಗ್ಗ

ನಾನು ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹುಡುಗರ ಹಾಸ್ಟೆಲ್‌ನ ಮೇಲ್ವಿಚಾರಣೆಯೂ ನನ್ನದೇ. ತೀರ್ಥಹಳ್ಳಿ, ಸೊರಬ, ಹೊಸನಗರ, ಶೃಂಗೇರಿ ಕಡೆಯಿಂದ ಬಂದ ಹದಿನೆಂಟರಿಂದ ಇಪ್ಪತ್ತೆರಡರೊಳಗಿನ ಹುಡುಗರೇ ಹೆಚ್ಚು. ಅಲ್ಲಿ ನಡೆಯುವ ಹೊಡೆದಾಟಗಳ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಇಷ್ಟೇ: "ಅವನು ನನ್ನನ್ನು ಗುರಾಯಿಸಿದ", "ಮೆಸ್‌ನಲ್ಲಿ ನನ್ನ ಬೆನ್ನ ಹಿಂದೆ ನಕ್ಕರು". ಅಷ್ಟಕ್ಕೆ ಒಬ್ಬನ ಮೂಗು ಒಡೆದಿರುತ್ತದೆ.

ವಿಚಾರಣೆಗೆ ತಂದೆ ತಾಯಿಯನ್ನು ಕರೆಸುತ್ತೇವೆ. ಆ ಅರ್ಧ ಗಂಟೆಯಲ್ಲಿ ಹುಡುಗನಿಗಿಂತ ಅವನ ಮನೆಯೇ ನನಗೆ ಹೆಚ್ಚು ಕಾಣಿಸುತ್ತದೆ. ಕೆಲವು ತಂದೆಯರು ಬಾಗಿಲು ದಾಟಿದ ಕೂಡಲೇ, ಏನಾಯಿತೆಂದು ಕೇಳುವ ಮೊದಲೇ, ನಮ್ಮೆದುರಿಗೇ ಮಗನ ಕೆನ್ನೆಗೆ ಬಾರಿಸುತ್ತಾರೆ. ಕೆಲವರು "ನಮ್ಮ ಹುಡುಗ ಅಂಥವನಲ್ಲ ಸಾರ್, ಜೊತೆಯವರು ಕೆಡಿಸಿದರು" ಎಂದು ದಂಡದ ಹಣ ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾರೆ. ಫೋನನ್ನೇ ಎತ್ತದವರೂ ಇದ್ದಾರೆ. ಅಪರೂಪಕ್ಕೆ ಒಬ್ಬರು ಮಗನ ಪಕ್ಕದಲ್ಲಿ ಕುಳಿತು "ಮೊದಲಿನಿಂದ ಹೇಳು" ಎನ್ನುತ್ತಾರೆ. ಪೂರ್ತಿ ಕೇಳಿಸಿಕೊಂಡು, "ತಪ್ಪು ನಿನ್ನದೇ. ಆ ಹುಡುಗನ ಔಷಧಿಯ ಖರ್ಚನ್ನು ರಜೆಯಲ್ಲಿ ನೀನೇ ದುಡಿದು ಕೊಡಬೇಕು" ಎನ್ನುತ್ತಾರೆ.

ಈ ಕೊನೆಯ ಬಗೆಯ ಮನೆಯ ಹುಡುಗರು ಎರಡನೆಯ ಸಲ ನನ್ನ ಕೊಠಡಿಗೆ ಬಂದದ್ದು ಬಹಳ ಕಡಿಮೆ. ಎಲ್ಲರೆದುರು ಕಪಾಳಕ್ಕೆ ತಿಂದವರು ಮತ್ತೆ ಮತ್ತೆ ಬರುತ್ತಾರೆ. ದಂಡ ಕಟ್ಟಿಸಿಕೊಂಡು ಹೋದವರೂ ಬರುತ್ತಾರೆ. ಬೆಳೆಸಿದ ರೀತಿಗೂ ಇಪ್ಪತ್ತರ ವಯಸ್ಸಿನ ಈ ಸಿಟ್ಟಿಗೂ ಏನು ಸಂಬಂಧ? ಪೋಷಕರು, ಶಿಕ್ಷಕರು, ಮುಖ್ಯವಾಗಿ ಆ ವಯಸ್ಸಿನವರೇ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ತೋಟದ ಮನೆ, ಕೊಪ್ಪ

ನಮಸ್ಕಾರ ಸಾರ್. ನಮ್ಮ ಅಪ್ಪಯ್ಯ ಚೆನ್ನಾಗಿಯೇ ಹೊಡೆಯುತ್ತಿದ್ದರು. ಬೆತ್ತ ಸಿಗದಿದ್ದರೆ ಕೈಗೆ ಸಿಕ್ಕಿದ್ದರಲ್ಲಿ. ನಾವು ಅಣ್ಣ ತಮ್ಮಂದಿರಲ್ಲಿ ಒಬ್ಬರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಹಿರಿಯರು ಜಗುಲಿಯಲ್ಲಿದ್ದರೆ ನಾವು ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆವು. ಈಗ ಎಂಟನೆಯ ತರಗತಿಗೆ ಮೊಬೈಲ್, ಪಿಯುಸಿ ಮುಗಿಯುವ ಮೊದಲು ಬೈಕ್. ಒಂದು ಮಾತು ಗಟ್ಟಿಯಾಗಿ ಆಡಿದರೆ ತಾಯಿಯೇ ಅಡ್ಡ ಬರುತ್ತಾಳೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹೆದರಿಕೆ ಹೋಯಿತು, ಅದಕ್ಕೇ ಕೈ ಎತ್ತುವ ಧೈರ್ಯ ಬಂತು. ನನ್ನ ಮಟ್ಟಿಗೆ ಇದರಲ್ಲಿ ಬೇರೆ ರಹಸ್ಯವಿಲ್ಲ.

ಆಪ್ತಸಮಾಲೋಚಕಿ, ಶಿವಮೊಗ್ಗ

ಕೊಪ್ಪದ ಹಿರಿಯರು ಹೇಳಿದ್ದರಲ್ಲಿ ಒಂದು ಅಂಶವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಮಿತಿಯೇ ಇಲ್ಲದೆ ಬೆಳೆದ ಮಕ್ಕಳಿಗೂ ಸಿಟ್ಟನ್ನು ಹಿಡಿದುಕೊಳ್ಳಲು ಬರುವುದಿಲ್ಲ. ಆದರೆ ಶಿಸ್ತು ಬೇರೆ, ಹೆದರಿಕೆ ಬೇರೆ. ನಮ್ಮ ಮಾತಿನಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ನನ್ನ ಬಳಿಗೆ ಬರುವ ಕುಟುಂಬಗಳ ಗೊಂದಲ ಬಹುಪಾಲು ಇಲ್ಲಿಂದಲೇ ಶುರುವಾಗುತ್ತದೆ.

ಡಯಾನಾ ಬಾಮ್ರಿಂಡ್ ಎಂಬ ಮನೋವಿಜ್ಞಾನಿ 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪುಟ್ಟ ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ಹತ್ತಿರದಿಂದ ಗಮನಿಸಿ ಮೂರು ಬಗೆಯ ಪಾಲನೆಯನ್ನು ಗುರುತಿಸಿದರು. ಹೇಳಿದ್ದನ್ನು ಕೇಳು, ಕಾರಣ ಕೇಳಬೇಡ ಎನ್ನುವ ನಿರಂಕುಶ ಪಾಲನೆ ಒಂದು. ಪ್ರೀತಿ ಇದ್ದೂ ಮಿತಿ ಹಾಕದ ಸಡಿಲ ಪಾಲನೆ ಇನ್ನೊಂದು. ನಿಯಮವನ್ನು ಬಿಗಿಯಾಗಿಟ್ಟು, ಅದರ ಕಾರಣವನ್ನೂ ಹೇಳಿ, ಮಗುವಿನ ಮಾತಿಗೂ ಕಿವಿಕೊಡುವುದು ಮೂರನೆಯದು. 1983ರಲ್ಲಿ ಎಲಿನಾರ್ ಮ್ಯಾಕಬಿ ಮತ್ತು ಜಾನ್ ಮಾರ್ಟಿನ್ ಇದನ್ನು ಎರಡು ಪ್ರಶ್ನೆಗಳಾಗಿ ಬಿಡಿಸಿದರು: ತಂದೆ ತಾಯಿ ಮಗುವಿನಿಂದ ಎಷ್ಟು ನಿರೀಕ್ಷಿಸುತ್ತಾರೆ, ಮಗುವಿನ ಅಗತ್ಯಕ್ಕೆ ಎಷ್ಟು ಸ್ಪಂದಿಸುತ್ತಾರೆ? ಎರಡೂ ಇಲ್ಲದ ಮನೆ ನಾಲ್ಕನೆಯ ಬಗೆ, ಅಂದರೆ ನಿರ್ಲಕ್ಷ್ಯ. ತುಂಗಾತೀರ ಅವರ ಕೊಠಡಿಗೆ ಬರುವ ನಾಲ್ಕು ಬಗೆಯ ತಂದೆಯರು ಇವರೇ.

ಮೂರನೆಯ ಬಗೆಯ ಪೋಷಕರು ಮೆದುವಾದವರೆಂದು ದಯವಿಟ್ಟು ಭಾವಿಸಬೇಡಿ. ಔಷಧಿ ಖರ್ಚು ನೀನೇ ದುಡಿದು ಕೊಡು ಎಂದ ತಂದೆ ಕೊಟ್ಟ ಶಿಕ್ಷೆ ಒಂದು ಏಟಿಗಿಂತ ದೊಡ್ಡದು. ಆದರೆ ಅದರಲ್ಲಿ ಮಗನ ಮರ್ಯಾದೆ ಉಳಿಯಿತು, ಏಟು ತಿಂದ ಇನ್ನೊಬ್ಬ ಹುಡುಗನ ನೋವೂ ಲೆಕ್ಕಕ್ಕೆ ಬಂತು. ಕಪಾಳಕ್ಕೆ ಹೊಡೆದಾಗ ಮಗನ ತಲೆಯಲ್ಲಿ ಉಳಿಯುವುದು ತನ್ನ ಅವಮಾನ ಮಾತ್ರ. ತಾನು ಯಾರಿಗೆ ನೋವು ಮಾಡಿದೆ ಎಂಬುದು ಅಲ್ಲಿಗೆ ಮರೆತು ಹೋಗುತ್ತದೆ.

ಇನ್ನು ಆ 'ಗುರಾಯಿಸಿದ' ಎಂಬ ಮಾತು. ಕೆನೆತ್ ಡಾಡ್ಜ್ ಎಂಬ ಸಂಶೋಧಕರು 1980ರಲ್ಲಿ ಇದರ ಬಗ್ಗೆ ಒಂದು ಮುಖ್ಯ ಪ್ರಯೋಗವನ್ನು ಪ್ರಕಟಿಸಿದರು. ಒಬ್ಬನು ಮಾಡಿದ್ದು ಬೇಕೆಂದೋ, ಅಚಾತುರ್ಯದಿಂದಲೋ ಎಂಬುದು ಸ್ಪಷ್ಟವಿಲ್ಲದಾಗ, ಜಗಳಗಂಟ ಹುಡುಗರು ಅದನ್ನು ಬೇಕೆಂದೇ ಮಾಡಿದ್ದೆಂದು ಓದಿಕೊಂಡರು. ಡಾಡ್ಜ್ ಅವರ ಮುಂದಿನ ಅಧ್ಯಯನಗಳು ಇನ್ನೊಂದನ್ನೂ ತೋರಿಸಿದವು: ಚಿಕ್ಕಂದಿನಲ್ಲಿ ಮನೆಯಲ್ಲಿ ಪೆಟ್ಟು ತಿಂದ ಮಕ್ಕಳಲ್ಲಿ ಈ ಓದು ಹೆಚ್ಚು. ಅಪ್ಪನ ಮುಖ ಬಿಗಿಯಾದರೆ ಏಟು ಬೀಳುತ್ತದೆ ಎಂದು ಕಲಿತ ಮಗುವಿಗೆ ಎಲ್ಲ ಬಿಗಿದ ಮುಖಗಳೂ ಅಪಾಯವೇ. ಮನೆಯಲ್ಲಿ ಆ ಎಚ್ಚರ ಅವನನ್ನು ಕಾಪಾಡುತ್ತದೆ. ಹಾಸ್ಟೆಲ್‌ನ ಮೆಸ್‌ನಲ್ಲಿ ಅದೇ ಎಚ್ಚರ ಇನ್ನೊಬ್ಬನ ಮೂಗು ಒಡೆಯುತ್ತದೆ.

ಹೊಳೆಬಾಗಿಲು, ಸಾಗರ

ಆ ವಯಸ್ಸಿನವರು ಬರೆಯಿರಿ ಎಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಇಪ್ಪತ್ನಾಲ್ಕು. ಬಿ.ಕಾಂ. ಮುಗಿಸಿ ಅಡಿಕೆ ತೋಟ ನೋಡಿಕೊಳ್ಳಲು ಮನೆಗೆ ಬಂದವನು.

ಅಪ್ಪ ನನಗೆ ಹೊಡೆದವರಲ್ಲ. ಆದರೆ ನನ್ನನ್ನು ಏನನ್ನೂ ಕೇಳಿದವರೂ ಅಲ್ಲ. ಮಳೆಗೆ ಮುಂಚೆ ಕೊಳೆ ರೋಗದ ಔಷಧಿ ಹೊಡೆಸಲು ಆಳು ಹುಡುಕುವವನು ನಾನು. ಗೊನೆ ಕೊಯ್ಲು, ಸುಲಿತ, ಬೇಯಿಸುವುದು, ಅಂಗಳದಲ್ಲಿ ಒಣಗಿಸುವುದು ಎಲ್ಲದಕ್ಕೂ ನಾನು ಬೇಕು. ಅಡಿಕೆ ಮಂಡಿಗೆ ಹೋದ ದಿನ ಮಾತ್ರ ನನಗೆ ಅಲ್ಲಿ ಕೆಲಸವಿಲ್ಲ. ಎಷ್ಟಕ್ಕೆ ಹೋಯಿತು ಎಂದು ಕೇಳಿದರೆ "ನಿನಗೆ ಯಾಕೆ ಅದು?" ಎನ್ನುತ್ತಾರೆ. ಪೆಟ್ರೋಲ್‌ಗೆ ಇನ್ನೂರು ರೂಪಾಯಿ ಕೈಯೊಡ್ಡಿ ಕೇಳಬೇಕು. ಅದಕ್ಕಿಂತ ನೋಯುವುದು ಸುಲಿಯುವವರ ಮುಂದೆ ಆಡುವ ಮಾತು: "ಓದಿ ಬಂದಿದ್ದಾನೆ, ಏನೂ ಬಾರದು." ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ನಮ್ಮ ಕಡೆ ಕೃಷಿಕ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತು. ಮನೆಯಲ್ಲಿ ಮಾತಿಲ್ಲ, ಕೈಯಲ್ಲಿ ದುಡ್ಡಿಲ್ಲ, ಮದುವೆಯ ಮಾತೆತ್ತಿದರೆ ನಗು. ಇಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುತ್ತದೆ. ಜಾತ್ರೆಯ ಸಂದಣಿಯಲ್ಲಿ ಹೆಗಲು ತಾಗಿದ್ದಕ್ಕೆ ಕೈ ಮಿಲಾಯಿಸುವ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು ಅಪ್ಪನ ಎದುರು ತಲೆ ಎತ್ತದವರು, ಊರಿನ ಹಿರಿಯರು 'ಬಹಳ ವಿನಯದ ಹುಡುಗ' ಎಂದು ಹೊಗಳುವವರು. ಆ ವಿನಯ ಎಂಥದು ಎಂದು ಯಾರೂ ಕೇಳುವುದಿಲ್ಲ. ಹೆದರಿಕೆ ಹೋದದ್ದರಿಂದ ಕೈ ಎತ್ತುತ್ತಾರೆ ಎಂದು ಕೊಪ್ಪದ ಹಿರಿಯರು ಬರೆದಿದ್ದಾರೆ. ನಾನು ಕಂಡ ಹುಡುಗರು ಹೆದರಿಕೆ ಇರುವ ಕಡೆ ತಲೆ ತಗ್ಗಿಸಿ, ಹೆದರಿಕೆ ಇಲ್ಲದ ಕಡೆ ಕೈ ಎತ್ತುತ್ತಾರೆ.

ಕೆರೆಯಂಗಳ, ಸೊರಬ

ಸಾಗರದ ತಮ್ಮ ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪ ಎದ್ದು ಹೊರಗೆ ಹೋದರು. ಅಮ್ಮ "ಇನ್ನೊಮ್ಮೆ ಓದು" ಎಂದರು.

ಮುಳುಬಾಗಿಲು ಅಮ್ಮ, ತೀರ್ಥಹಳ್ಳಿ

ಎಲ್ಲವನ್ನೂ ಓದಿದೆ. ನನಗೆ ಸ್ವಲ್ಪ ಬೇಸರವೂ ಆಯಿತು. ನನಗೆ ಇಬ್ಬರು ಗಂಡು ಮಕ್ಕಳು. ಒಂದೇ ಮನೆ, ಒಂದೇ ಊಟ, ಒಂದೇ ಶಾಲೆ. ಹಿರಿಯವನು ಇರುವೆಯನ್ನೂ ದಾಟಿಕೊಂಡು ಹೋಗುವವನು. ಕಿರಿಯವನು ಎರಡು ವರ್ಷದವನಿದ್ದಾಗಲೇ ಬೇಕೆಂದದ್ದು ಕೊಡದಿದ್ದರೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಅವನಿಗೆ ಈಗ ಇಪ್ಪತ್ತು, ಸಿಟ್ಟು ಬಂದರೆ ತಟ್ಟೆ ಹಾರುತ್ತದೆ. ಊರಿನವರು ಹೇಳುವುದು "ತಾಯಿ ಸಲುಗೆ ಕೊಟ್ಟಳು". ಹಿರಿಯವನನ್ನು ಬೆಳೆಸಿದವಳೂ ನಾನೇ ಅಲ್ಲವೇ? ಮಕ್ಕಳು ಹೇಗಾದರೂ ಕೊನೆಗೆ ಬೆರಳು ತಾಯಿಯ ಕಡೆಗೇ ತಿರುಗುತ್ತದೆ. ಈ ಸಂಶೋಧನೆಗಳಲ್ಲಿ ಮಗುವಿನ ಸ್ವಭಾವಕ್ಕೆ ಜಾಗವೇ ಇಲ್ಲವೇ?

ಆಪ್ತಸಮಾಲೋಚಕಿ, ಶಿವಮೊಗ್ಗ

ಇದೆ ಅಮ್ಮ. ನಿಮ್ಮ ಬೇಸರ ನ್ಯಾಯವಾದದ್ದು. 1968ರಲ್ಲೇ ರಿಚರ್ಡ್ ಬೆಲ್ ಎಂಬುವರು ಈ ಕ್ಷೇತ್ರದವರಿಗೆ ಒಂದು ಎಚ್ಚರಿಕೆ ಕೊಟ್ಟರು: ತಂದೆ ತಾಯಿ ಮಗುವನ್ನು ರೂಪಿಸುವಂತೆ ಮಗುವೂ ತಂದೆ ತಾಯಿಯ ನಡವಳಿಕೆಯನ್ನು ರೂಪಿಸುತ್ತದೆ. ಸಿಡುಕಿನ ಮಗುವಿಗೆ ಏಟು ಹೆಚ್ಚು ಬೀಳುತ್ತದೆ. ಏಟಿನಿಂದ ಸಿಡುಕು ಬಂತೇ, ಸಿಡುಕಿನಿಂದ ಏಟು ಬಂತೇ ಎಂದು ಒಂದೇ ದಿನದ ನೋಟದಲ್ಲಿ ಹೇಳಲಾಗದು. ಮಾರ್ಟಿನ್ ಪಿಂಕ್ವಾರ್ಟ್ ಎಂಬ ಜರ್ಮನ್ ಸಂಶೋಧಕರು 2017ರಲ್ಲಿ 1,400ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಪಾಲನೆಗೂ ಮಕ್ಕಳ ಆಕ್ರಮಣಶೀಲತೆಯಂಥ ನಡವಳಿಕೆಯ ತೊಂದರೆಗಳಿಗೂ ನಂಟು ಇದೆ, ಅದು ಎರಡೂ ದಿಕ್ಕಿಗೆ ಹರಿಯುತ್ತದೆ, ಆದರೆ ಆ ನಂಟು ಸಣ್ಣದು ಎಂದು ಕಂಡುಬಂತು. ಹಾಗಾಗಿ ಯಾವ ಮಗನ ಸಿಟ್ಟನ್ನೂ ಪೂರ್ತಿಯಾಗಿ ತಾಯಿಯ ತಲೆಗೆ ಕಟ್ಟುವುದು ತಪ್ಪು.

ಎರಡು ವರ್ಷದಲ್ಲಿ ತಲೆ ಚಚ್ಚಿಕೊಂಡ ಮಾತಿಗೆ ಇನ್ನೊಂದು ವಿಷಯ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ಹಲವು ವರ್ಷ ಹಿಂಬಾಲಿಸಿ ಕಂಡದ್ದು, ಮನುಷ್ಯರು ಅತಿ ಹೆಚ್ಚು ಕೈ ಮಾಡುವ ವಯಸ್ಸು ಹದಿಹರೆಯವಲ್ಲ, ಎರಡರಿಂದ ನಾಲ್ಕು ವರ್ಷದ ಆಸುಪಾಸು. ಆಮೇಲೆ ಹೆಚ್ಚಿನ ಮಕ್ಕಳು ನಿಧಾನಕ್ಕೆ ಕೈ ತಡೆಯುವುದನ್ನು ಕಲಿಯುತ್ತಾರೆ. ಕೆಲವರಿಗೆ ಅದು ಬಹಳ ಕಷ್ಟದಲ್ಲಿ ಬರುತ್ತದೆ. ನಿಮ್ಮ ಕಿರಿಯವನು ಅಂಥವನಿರಬಹುದು.

ಅಂಥ ಮಕ್ಕಳಿರುವ ಮನೆಯಲ್ಲಿ ಒಂದು ಸುಳಿ ಹುಟ್ಟಿಕೊಳ್ಳುತ್ತದೆ. ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಕುಟುಂಬಗಳ ಮನೆಗೇ ಹೋಗಿ ಕುಳಿತು ಇದನ್ನು ದಾಖಲಿಸಿದರು. ತಾಯಿ ಓದು ಎನ್ನುತ್ತಾಳೆ, ಮಗ ಕೂಗುತ್ತಾನೆ. ತಾಯಿ ಇನ್ನೂ ಜೋರಾಗಿ ಕೂಗುತ್ತಾಳೆ, ಮಗ ಏನನ್ನೋ ಎಸೆಯುತ್ತಾನೆ. ಸಾಕಾಗಿ ತಾಯಿ ಸುಮ್ಮನಾಗುತ್ತಾಳೆ. ಆ ಕ್ಷಣಕ್ಕೆ ಇಬ್ಬರಿಗೂ ನೆಮ್ಮದಿ. ಆದರೆ ಎಸೆದರೆ ಗೆಲ್ಲಬಹುದು ಎಂದು ಮಗ ಕಲಿತ. ಇನ್ನೊಂದು ದಿನ ತಂದೆ ಬಾರಿಸುತ್ತಾರೆ, ಮಗ ಸುಮ್ಮನಾಗುತ್ತಾನೆ. ಹೊಡೆದರೆ ಕೆಲಸ ಆಗುತ್ತದೆ ಎಂದು ತಂದೆ ಕಲಿತರು. ದಿನಕ್ಕೆ ಹಲವು ಸಲ, ವರ್ಷಗಟ್ಟಲೆ ಹೀಗೆ ನಡೆದರೆ, ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ ಎಂಬುದು ಮನೆಯ ಕಾನೂನೇ ಆಗಿಬಿಡುತ್ತದೆ. ಅಲ್ಲಿ ಬೆಳೆದವನು ಕಾಲೇಜಿಗೂ ಅದನ್ನೇ ತರುತ್ತಾನೆ.

ಸುಳಿ ಒಡೆಯುವ ಜಾಗ ಸಣ್ಣದು. ತಟ್ಟೆ ಹಾರಿದಾಗ ಕೂಗಬೇಡಿ, ಅವನು ಕೇಳಿದ್ದನ್ನು ಕೊಟ್ಟೂ ಬಿಡಬೇಡಿ. "ಈಗ ಮಾತು ಬೇಡ, ಊಟವಾದ ಮೇಲೆ ಕೂರೋಣ" ಎಂದು ಹೇಳಿ ಅಲ್ಲಿಂದ ಏಳಿ. ಊಟವಾದ ಮೇಲೆ ತಪ್ಪದೆ ಕುಳಿತುಕೊಳ್ಳಿ. ಈ ಎರಡನೆಯ ಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಮಲ್ಲಿಗೆ ಬಳ್ಳಿ, ಶಿಕಾರಿಪುರ

ಇಲ್ಲಿಯ ತನಕ ಹುಡುಗರ ಮುಷ್ಟಿಯ ಮಾತೇ ನಡೆಯಿತು. ಹುಡುಗಿಯರ ಹಾಸ್ಟೆಲ್‌ನಲ್ಲಿ ಮೂರು ವರ್ಷ ಇದ್ದವಳಾಗಿ ಹೇಳುತ್ತೇನೆ, ಅಲ್ಲಿಯೂ ಹಿಂಸೆ ಇತ್ತು. ಕೈ ಎತ್ತುವವರು ಇರಲಿಲ್ಲ, ಅಷ್ಟೇ. ಒಬ್ಬಳನ್ನು ಗುರಿ ಮಾಡಿ ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆಯುವುದು, ಅವಳು ಬಂದರೆ ಎಲ್ಲರೂ ಮಾತು ನಿಲ್ಲಿಸುವುದು, ಅವಳ ನಡತೆಯ ಬಗ್ಗೆ ಸುದ್ದಿ ಹಬ್ಬಿಸುವುದು. ನಮ್ಮ ಜೊತೆಯ ಒಬ್ಬಳು ಇದನ್ನು ತಾಳಲಾರದೆ ಓದನ್ನೇ ಅರ್ಧಕ್ಕೆ ಬಿಟ್ಟಳು.

ಇದನ್ನು ಎಲ್ಲಿ ಕಲಿತೆವು ಎಂದು ಯೋಚಿಸಿದಾಗ ನನಗೆ ನೆನಪಾಗುವುದು ನಮ್ಮ ಮನೆಗಳೇ. ಹೆಣ್ಣು ಮಕ್ಕಳಿಗೆ ಹೊಡೆಯುವುದಿಲ್ಲ, ಸರಿ. ಅಮ್ಮ ಮೂರು ದಿನ ಮಾತು ಬಿಡುತ್ತಾಳೆ. "ನಿನ್ನಿಂದ ಅಪ್ಪನಿಗೆ ಬಿ.ಪಿ. ಏರಿತು" ಎನ್ನುತ್ತಾರೆ. "ಜನ ಏನೆಂದಾರು" ಎಂದು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಅಣ್ಣ ರಾತ್ರಿ ಹನ್ನೊಂದಕ್ಕೆ ಬಂದರೆ ಬಾಗಿಲು ತೆಗೆಯುವ ಕೆಲಸ ನನ್ನದು, ನಾನು ಏಳಕ್ಕೆ ಬಂದರೆ ವಿಚಾರಣೆ. ಒಂದೇ ಮನೆಯಲ್ಲಿ ಅವನಿಗೆ ಸಡಿಲ ಪಾಲನೆ, ನನಗೆ ನಿರಂಕುಶ ಪಾಲನೆ. ಮೇಡಂ, ನೀವು ಹೇಳಿದ ನಾಲ್ಕು ಬಗೆಗಳು ಒಂದೊಂದು ಮನೆಗೆ ಒಂದೊಂದು ಎಂದಾದರೆ ನಮ್ಮ ಮನೆ ಯಾವುದಕ್ಕೂ ಸೇರುವುದಿಲ್ಲ.

ಆಪ್ತಸಮಾಲೋಚಕಿ, ಶಿವಮೊಗ್ಗ

ಬಹಳ ಸರಿಯಾಗಿ ಹೇಳಿದ್ದೀರಿ. ಪಾಲನೆಯ ಬಗೆ ಮನೆಗೊಂದಲ್ಲ, ಪ್ರತಿ ಮಗುವಿನ ಜೊತೆಗಿನ ಸಂಬಂಧಕ್ಕೊಂದು. ನೀವು ವಿವರಿಸಿದ ಮಾತು ಬಿಡುವುದು, ತಪ್ಪಿತಸ್ಥ ಭಾವನೆ ಹುಟ್ಟಿಸುವುದು, ಪ್ರೀತಿಯನ್ನು ಹಿಂತೆಗೆದುಕೊಳ್ಳುವುದು ಇವನ್ನು ಬ್ರಯನ್ ಬಾರ್ಬರ್ 1990ರ ದಶಕದಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಎಷ್ಟು ಗಂಟೆಗೆ ಬರಬೇಕು ಎಂದು ನಡವಳಿಕೆಗೆ ಮಿತಿ ಹಾಕುವುದು ಒಂದು, ಮಗುವಿನ ಮನಸ್ಸನ್ನೇ ಹಿಡಿದು ತಿರುಚುವುದು ಇನ್ನೊಂದು. ಮೊದಲನೆಯದು ಮಕ್ಕಳನ್ನು ಕಾಯುತ್ತದೆ. ಎರಡನೆಯದು ಕುಗ್ಗಿಸುತ್ತದೆ. ಗುಂಪಿನಿಂದ ಹೊರಗಿಡುವ, ಸುದ್ದಿ ಹಬ್ಬಿಸುವ ಹಿಂಸೆಯನ್ನು ನಿಕಿ ಕ್ರಿಕ್ ಮತ್ತು ಜೆನಿಫರ್ ಗ್ರಾಟ್‌ಪೀಟರ್ 1995ರಲ್ಲಿ ಆಕ್ರಮಣಶೀಲತೆಯ ಒಂದು ಬಗೆಯೆಂದೇ ಅಧ್ಯಯನ ಮಾಡಿದರು. ಹುಡುಗರಲ್ಲೂ ಅದು ಇದೆ, ಮುಷ್ಟಿಯ ಸದ್ದಿನಲ್ಲಿ ನಮಗೆ ಕೇಳಿಸುವುದಿಲ್ಲ.

ತೋಟದ ಮನೆ, ಕೊಪ್ಪ

ಮೇಡಂ, ನೀವು ಹೇಳುವುದೆಲ್ಲ ಅಮೆರಿಕ, ಕೆನಡಾ. ಅಲ್ಲಿ ಹದಿನೆಂಟಕ್ಕೆ ಮಕ್ಕಳನ್ನು ಮನೆಯಿಂದ ಹೊರಗೆ ಕಳಿಸುತ್ತಾರೆ. ನಮ್ಮಲ್ಲಿ ಅಪ್ಪ ಹೊಡೆದರೂ ಅದು ಪ್ರೀತಿಯಿಂದಲೇ ಎಂದು ಮಗನಿಗೆ ಗೊತ್ತಿರುತ್ತದೆ. ಅವರ ಅಳತೆ ನಮಗೆ ಹೇಗೆ ಹೊಂದುತ್ತದೆ?

ಆಪ್ತಸಮಾಲೋಚಕಿ, ಶಿವಮೊಗ್ಗ

ಈ ಪ್ರಶ್ನೆಯನ್ನು ಸಂಶೋಧಕರೂ ಕೇಳಿದ್ದಾರೆ, ಉತ್ತರದಲ್ಲಿ ನಿಮಗೂ ಪಾಲಿದೆ. ರೂತ್ ಚಾವ್ 1994ರಲ್ಲಿ, ಚೀನೀ ಕುಟುಂಬಗಳ ಬಿಗಿತದಲ್ಲಿ ಕಾಳಜಿಯೂ ತರಬೇತಿಯೂ ಸೇರಿರುವುದರಿಂದ ಅದನ್ನು ಬಾಮ್ರಿಂಡ್ ಅವರ ನಿರಂಕುಶ ಪಟ್ಟಿಗೆ ಸುಮ್ಮನೆ ಸೇರಿಸಲಾಗದು ಎಂದು ವಾದಿಸಿದರು. ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು 2005ರಲ್ಲಿ ಆರು ದೇಶಗಳ ತಾಯಂದಿರು ಮತ್ತು ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು: ಚೀನಾ, ಇಟಲಿ, ಕೀನ್ಯಾ, ಫಿಲಿಪ್ಪೀನ್ಸ್, ಥಾಯ್ಲೆಂಡ್, ಮತ್ತು ಭಾರತ. ಹೊಡೆಯುವುದು ಸಾಮಾನ್ಯವಾಗಿರುವ ಸಮಾಜದಲ್ಲಿ ಅದರ ಕೆಟ್ಟ ಪರಿಣಾಮ ಸ್ವಲ್ಪ ಕಡಿಮೆ ಎಂಬುದು ನಿಜವೇ ಆಯಿತು. ಆದರೆ ಅಂಥ ಸಮಾಜದಲ್ಲೂ ಹೆಚ್ಚು ಪೆಟ್ಟು ತಿಂದ ಮಕ್ಕಳಲ್ಲಿ ಆಕ್ರಮಣಶೀಲತೆಯೂ ಆತಂಕವೂ ಹೆಚ್ಚೇ ಇತ್ತು. ಪ್ರೀತಿಯಿಂದ ಹೊಡೆದರು ಎಂಬ ತಿಳಿವಳಿಕೆ ನೋವನ್ನು ತಗ್ಗಿಸುತ್ತದೆ, ಅಳಿಸುವುದಿಲ್ಲ.

2016ರಲ್ಲಿ ಎಲಿಜಬೆತ್ ಗರ್ಶಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್ 75 ಅಧ್ಯಯನಗಳನ್ನು ಒಟ್ಟುಗೂಡಿಸಿದರು, ಅವುಗಳಲ್ಲಿ 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇತ್ತು. ಒಟ್ಟಾರೆ ನೋಡಿದಾಗ ಏಟಿನಿಂದ ಮಕ್ಕಳಿಗೆ ಒಳಿತಾಯಿತು ಎಂದು ಅಲ್ಲಿ ಕಂಡುಬರಲಿಲ್ಲ. ನಿಮ್ಮ ಅಪ್ಪಯ್ಯನ ಮಕ್ಕಳೆಲ್ಲ ಒಳ್ಳೆಯವರಾದದ್ದು ಬೆತ್ತದಿಂದಲೇ ಎಂದು ಹೇಗೆ ಹೇಳುತ್ತೀರಿ? ಮನೆ ತುಂಬ ಇದ್ದ ಅಜ್ಜಿ, ಅತ್ತೆ, ಚಿಕ್ಕಪ್ಪಂದಿರು ಏಟು ಬಿದ್ದ ಮೇಲೆ ಕರೆದು ತಲೆ ಸವರಿರಲಿಲ್ಲವೇ? ಈಗಿನ ಮನೆಯಲ್ಲಿ ಏಟು ಉಳಿದಿದೆ, ತಲೆ ಸವರುವವರು ಉಳಿದಿಲ್ಲ.

ಕೆಂಪುಮಣ್ಣು, ಭದ್ರಾವತಿ

ಒಂದು ವಿಷಯ ಯಾರೂ ಎತ್ತಲಿಲ್ಲ. ದುಡ್ಡು. ನಾನು ಕಾರ್ಖಾನೆ ಕಾರ್ಮಿಕನ ಮಗ. ಕೆಲಸ ಇದ್ದಷ್ಟು ದಿನ ಅಪ್ಪ ನಗುತ್ತಾ ಮನೆಗೆ ಬರುತ್ತಿದ್ದರು. ಕೆಲಸ ಹೋದ ಮೇಲೆ ಕುಡಿತ ಶುರುವಾಯಿತು, ಕುಡಿತದ ಜೊತೆಗೆ ಕೈಯೂ. ಅಪ್ಪನ ಪಾಲನಾ ಶೈಲಿ ಬದಲಾಯಿತು ಎಂದು ಹೇಳಿದರೆ ಅರ್ಧ ಕಥೆಯಾಗುತ್ತದೆ, ಬದಲಾದದ್ದು ಅಪ್ಪನ ಬದುಕು.

ಎಂ.ಎಸ್‌.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವಾಗ ಇದೇ ವಿಷಯದ ಒಂದು ಅಧ್ಯಯನ ನನ್ನ ಕಣ್ಣಿಗೆ ಬಿತ್ತು. 1980ರ ದಶಕದಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಜಮೀನಿನ ಬೆಲೆ ಕುಸಿದು, ಸಾಲ ಏರಿ ಕೃಷಿ ಕುಟುಂಬಗಳು ನೆಲಕಚ್ಚಿದವು. ರ‍್ಯಾಂಡ್ ಕಾಂಗರ್ ಮತ್ತು ಸಂಗಡಿಗರು ಅಲ್ಲಿನ 451 ಕುಟುಂಬಗಳನ್ನು ವರ್ಷಗಳ ಕಾಲ ಹಿಂಬಾಲಿಸಿದರು. ಸಾಲದ ಒತ್ತಡ ತಂದೆ ತಾಯಿಯನ್ನು ಕುಗ್ಗಿಸಿತು, ಕುಗ್ಗಿದವರು ಪರಸ್ಪರ ಜಗಳವಾಡಿದರು, ಆ ಜಗಳ ಮಕ್ಕಳ ಮೇಲಿನ ಕಟುತನವಾಗಿ ಇಳಿಯಿತು, ಕೊನೆಗೆ ಮಕ್ಕಳ ನಡವಳಿಕೆ ಕೆಟ್ಟಿತು. ಇದನ್ನು ಓದುವಾಗ ನನಗೆ ನಮ್ಮದೇ ಜಿಲ್ಲೆ ಕಂಡಿತು. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟಗಳಲ್ಲಿ ಈಗ ಏನಾಗುತ್ತಿದೆ? ಮರದ ಗರಿ ಒಣಗುವುದನ್ನು ಎಲ್ಲರೂ ನೋಡುತ್ತಾರೆ. ಆ ಮನೆಯ ಊಟದ ಹೊತ್ತು ಹೇಗಿದೆ ಎಂದು ಯಾರಾದರೂ ಕೇಳುತ್ತಾರೆಯೇ? ಪೋಷಕರಿಗೆ ಬುದ್ಧಿವಾದ ಹೇಳುವ ಮೊದಲು ಅವರ ಹೆಗಲ ಮೇಲೆ ಏನಿದೆ ಎಂದು ನೋಡಬೇಕು. ಇದನ್ನು ಬಿಟ್ಟು ಆಡುವ ಪಾಲನೆಯ ಮಾತು ಉಳ್ಳವರ ಮಾತಾಗುತ್ತದೆ.

ನಿವೃತ್ತ ಮೇಷ್ಟ್ರು, ಹೊಸನಗರ

ಭದ್ರಾವತಿಯ ತಮ್ಮನ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಶಾಲೆಯ ಕಡೆಯಿಂದ ಎರಡು ಮಾತು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಬೆತ್ತವೇನೋ ಹೋಯಿತು. ಅದರ ಜಾಗದಲ್ಲಿ ಏನು ಮಾಡಬೇಕೆಂದು ಮೇಷ್ಟರಿಗಾಗಲಿ ತಂದೆ ತಾಯಿಗಾಗಲಿ ಕಲಿಸಿಕೊಡುವ ಕೆಲಸ ಬಹಳ ಕಡಿಮೆ ನಡೆಯಿತು. ಬಹಳ ಜನ ಬೆತ್ತ ಬಿಟ್ಟು ಚುಚ್ಚುಮಾತಿಗೆ ಇಳಿದರು. ಚುಚ್ಚುಮಾತೂ ಅದೇ ಕಲಮಿನಲ್ಲಿ ನಿಷಿದ್ಧ ಎಂಬುದು ಯಾರಿಗೂ ನೆನಪಿಲ್ಲ.

ಎರಡನೆಯದು ನಮ್ಮ ಮಲೆನಾಡಿನ ಭೂಗೋಳ. ಒಂಟಿ ಮನೆಗಳು, ಮೈಲಿ ದೂರದ ಬಸ್ಸು, ಮಳೆಗಾಲದಲ್ಲಿ ಉಕ್ಕುವ ಹಳ್ಳ. ಹೀಗಾಗಿ ಮಕ್ಕಳನ್ನು ಬೇಗನೆ ಹಾಸ್ಟೆಲ್‌ಗೋ ನೆಂಟರ ಮನೆಗೋ ಬಿಡುವುದು ಇಲ್ಲಿ ರೂಢಿ. ತಿಂಗಳಿಗೊಮ್ಮೆ ಬರುವ ಮಗನ ಜೊತೆ ತಂದೆಗೆ ಮಾತನಾಡಲು ಉಳಿಯುವುದು ಅಂಕಪಟ್ಟಿ ಒಂದೇ. ಇದು ನಿರ್ಲಕ್ಷ್ಯವಲ್ಲ, ತ್ಯಾಗ ಮಾಡಿಯೇ ಓದಿಸುತ್ತಾರೆ. ಆದರೆ ಹುಡುಗನಿಗೆ ಅದು ನಿರ್ಲಕ್ಷ್ಯದಂತೆಯೇ ತಾಗುತ್ತದೆ.

ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರು ತುಂಬಿದ ಮೇಲೆ ಗೆಳೆಯನಂತೆ ನಡೆಸಿಕೋ ಎಂದು ಹಳೆಯ ಸುಭಾಷಿತವೊಂದು ಹೇಳುತ್ತದೆ. ದಂಡಿಸು ಎಂಬ ಭಾಗವನ್ನು ನಾನು ಈಗ ಒಪ್ಪಲಾರೆ. ಆದರೆ ದಂಡನೆಯ ಪರವಾಗಿ ಅದನ್ನು ಹೇಳುವವರೆಲ್ಲರೂ ಕೊನೆಯ ಭಾಗವನ್ನು ನುಂಗಿಬಿಡುತ್ತಾರೆ. ಸಾಗರದ ಹುಡುಗನಿಗೆ ಇಪ್ಪತ್ನಾಲ್ಕು. ಅವನಿಗೆ ಸಲ್ಲಬೇಕಾದ ಆ ಗೆಳೆತನ ಎಂಟು ವರ್ಷದಿಂದ ಬಾಕಿ ಇದೆ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ವಂದನೆ. ಈ ಚರ್ಚೆಯಿಂದ ನನಗೆ ಒಂದು ಕೆಲಸ ಹೊಳೆದಿದೆ. ಜಗಳವಾದ ಮೇಲೆ ಪೋಷಕರನ್ನು ಕರೆಸುವ ಬದಲು, ವರ್ಷದ ಮೊದಲ ತಿಂಗಳಲ್ಲೇ ಒಂದು ಭಾನುವಾರ ಅವರೊಂದಿಗೆ ಕೂರಬೇಕೆಂದಿದ್ದೇನೆ. ದಂಡದ ಪಟ್ಟಿ ಓದಲು ಅಲ್ಲ, ಮಾತಿಗೆ. ಆದರೆ ಹತ್ತೊಂಬತ್ತು ಇಪ್ಪತ್ತಕ್ಕೆ ತಡವಾಗಿಲ್ಲವೇ? ಕೊಪ್ಪದವರ ಮಾತಿನಂತೆ ಮರ ಆಗಲೇ ಬೆಳೆದು ನಿಂತಿರುವುದಿಲ್ಲವೇ? ಹುಡುಗರ ಮೇಲೆ ಹೆಚ್ಚು ಕಣ್ಣಿಡಿ ಎಂದು ಹೇಳಲೇ?

ಆಪ್ತಸಮಾಲೋಚಕಿ, ಶಿವಮೊಗ್ಗ

ತಡವಾಗಿಲ್ಲ. ಆವೇಗವನ್ನು ತಡೆದು ಯೋಚಿಸಲು ನೆರವಾಗುವ ಮಿದುಳಿನ ಮುಂಭಾಗ ಇಪ್ಪತ್ತರ ದಶಕದ ನಡುವಿನ ತನಕ ಪಕ್ವವಾಗುತ್ತಲೇ ಇರುತ್ತದೆ. ಸಂಬಂಧ ಬದಲಾದರೆ ನಡವಳಿಕೆ ಬದಲಾಗುವುದನ್ನು ನಾನು ಈ ವಯಸ್ಸಿನವರಲ್ಲೇ ಹೆಚ್ಚು ಕಂಡಿದ್ದೇನೆ.

ಕಣ್ಣಿಡುವ ವಿಚಾರ ಮಾತ್ರ ಎಚ್ಚರ. ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಎಂದು ತಿಳಿದಿರುವ ಪೋಷಕರ ಮಕ್ಕಳು ಕಡಿಮೆ ದಾರಿ ತಪ್ಪುತ್ತಾರೆ ಎಂದು ಬಹಳ ಕಾಲದಿಂದ ಗೊತ್ತಿತ್ತು. ಅದನ್ನು ಕಾವಲಿನ ಫಲ ಎಂದೇ ಎಲ್ಲರೂ ತಿಳಿದಿದ್ದರು. 2000ದಲ್ಲಿ ಹೋಕನ್ ಸ್ಟ್ಯಾಟಿನ್ ಮತ್ತು ಮಾರ್ಗರೆಟ್ ಕರ್ ಸ್ವೀಡನ್‌ನ ಹದಿಹರೆಯದವರನ್ನು ಅಧ್ಯಯನ ಮಾಡಿ, ಆ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂದು ಹುಡುಕಿದರು. ಬಹುಪಾಲು ಮಕ್ಕಳೇ ತಾವಾಗಿ ಹೇಳಿದ್ದರಿಂದ ಬಂದಿತ್ತು. ಹಾಗಾಗಿ ಪೋಷಕರಿಗೆ ಮೊಬೈಲ್ ಪರೀಕ್ಷಿಸಲು ಹೇಳಬೇಡಿ. ಮಗ ಕೆಟ್ಟ ಸುದ್ದಿ ತಂದಾಗ ನಿಮ್ಮ ಮೊದಲ ಮಾತು ಯಾವುದು ಎಂದು ಕೇಳಿ. ಮುಂದಿನ ಸಲ ಅವನು ಹೇಳುತ್ತಾನೋ ಮುಚ್ಚಿಡುತ್ತಾನೋ ಎಂಬುದು ಆ ಮಾತಿನ ಮೇಲೆ ನಿಂತಿದೆ.

ಸಿಟ್ಟು ಕೈಮೀರಿ ಹೋಗುತ್ತಿದೆ, ಅಥವಾ ಭದ್ರಾವತಿಯವರು ಬರೆದಂತೆ ತಂದೆಯೇ ಕುಸಿದಿದ್ದಾರೆ ಎಂದಾದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹದಿನೆಂಟರ ಒಳಗಿನ ಮಗುವಿಗೆ ಮನೆಯಲ್ಲಿ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಈ ಎರಡು ಸಂಖ್ಯೆಗಳನ್ನು ಹಾಸ್ಟೆಲ್‌ನ ಫಲಕದಲ್ಲಿ ಹಾಕಿಸಿ ಸಾರ್.

ತೋಟದ ಮನೆ, ಕೊಪ್ಪ

ಹೊಡೆತದ ವಿಷಯದಲ್ಲಿ ನಾನು ಪೂರ್ತಿ ಒಪ್ಪಿದೆ ಎಂದು ಯಾರೂ ತಿಳಿಯಬೇಡಿ. ಆದರೆ ಅಜ್ಜಿಯ ಮಾತು ನಿಜ. ಅಪ್ಪಯ್ಯ ಹೊಡೆದ ದಿನ ಅಜ್ಜಿ ಕೈಯಲ್ಲಿ ಬೆಲ್ಲ ಹಿಡಿದುಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಆ ಕೆಲಸಕ್ಕೆ ಯಾರೂ ಇಲ್ಲ. ಸಾಗರದ ತಮ್ಮಾ, ನನಗೂ ನಿನ್ನ ವಯಸ್ಸಿನ ಮಗನಿದ್ದಾನೆ, ತೋಟದಲ್ಲೇ ಇದ್ದಾನೆ. ಮಾತು ಕಡಿಮೆ. ನಿಮ್ಮಂಥವರಿಗೆ ಅಪ್ಪನಿಂದ ಬೇಕಾದದ್ದು ಏನು? ಸುತ್ತಿ ಬಳಸದೆ ಹೇಳು.

ಹೊಳೆಬಾಗಿಲು, ಸಾಗರ

ಹೇಳುತ್ತೇನೆ ಅಣ್ಣ. ಒಂದು ಎಕರೆಯನ್ನು ಅವರಿಗೆ ಬಿಟ್ಟುಕೊಡಿ. ಯಾವ ಗೊಬ್ಬರ, ಯಾವ ಆಳು, ಯಾವಾಗ ಮಾರಬೇಕು ಎಲ್ಲವನ್ನೂ ಅವರೇ ನಿರ್ಧರಿಸಲಿ. ಲಾಭವೋ ನಷ್ಟವೋ ಅವರ ಬ್ಯಾಂಕ್ ಖಾತೆಗೇ ಬರಲಿ. ಮೊದಲ ವರ್ಷ ನಷ್ಟವಾದರೆ "ನಾನು ಮೊದಲೇ ಹೇಳಿದ್ದೆ" ಎನ್ನಬೇಡಿ. ಮುಂದಿನ ಸಲ ಮಂಡಿಗೆ ಹೋಗುವಾಗ ಕರೆದುಕೊಂಡು ಹೋಗಿ, ದರ ಮಾತನಾಡುವಾಗ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ತಪ್ಪು ಮಾಡಿದರೆ ಒಳಗೆ ಕರೆದು ಎಷ್ಟು ಬೇಕಾದರೂ ಬೈಯಿರಿ, ಆಳುಗಳ ಮುಂದೆ ಬೇಡ.

ಇದನ್ನೆಲ್ಲ ನನ್ನ ಅಪ್ಪನಿಗೆ ಹೇಳಲು ನನಗೆ ಇನ್ನೂ ಆಗಿಲ್ಲ. ತುಂಗಾತೀರ ಸಾರ್, ನಿಮ್ಮ ಭಾನುವಾರದ ಸಭೆಗೆ ಓದು ಮುಗಿಸಿದವರ ತಂದೆಯರನ್ನೂ ಕರೆಯುವುದಾದರೆ ದಿನಾಂಕ ತಿಳಿಸಿ.